ಬಿಎಫ್‌ಸಿಯ ಮುಂದಿನ ಚುಕ್ಕಾಣಿ: ಕೋಚ್ ಹೆಸರಿಗಿಂತ ಮೊದಲು ತೀರ್ಮಾನವಾಗಬೇಕಾದ್ದು

ಅಭಿಮಾನಿಗಳು ಬಿಎಫ್‌ಸಿ ಎಂದೇ ಕರೆಯುವ ಬೆಂಗಳೂರು ಫುಟ್‌ಬಾಲ್ ಕ್ಲಬ್ಬನ್ನು ಮುಂದಿನ ವರ್ಷಗಳಲ್ಲಿ ಯಾರು ಮುನ್ನಡೆಸಬೇಕು ಎಂಬ ಚರ್ಚೆ ಕಂಠೀರವ ಕ್ರೀಡಾಂಗಣದ ಗ್ಯಾಲರಿಯಲ್ಲಿ ಹೊಸದೇನಲ್ಲ. ಆದರೆ ಕಳೆದ ಕೆಲವು ತಿಂಗಳುಗಳಲ್ಲಿ ಆ ಚರ್ಚೆ ಮೊದಲಿನಂತೆ ಉಳಿದಿಲ್ಲ. ಲೀಗ್ ನಡೆಯುವುದೇ ಅನುಮಾನ ಎಂಬ ಸುದ್ದಿ, ವೇತನ ತಡೆಹಿಡಿದ ಸುದ್ದಿ, ತಂಡದ ಹಿರಿಯ ಆಟಗಾರ ಸುನಿಲ್ ಛೆಟ್ರಿ ಇನ್ನೆಷ್ಟು ದಿನ ಆಡುತ್ತಾರೆ ಎಂಬ ಪ್ರಶ್ನೆ, ಕೋಚ್ ಹುದ್ದೆಯ ಸುತ್ತ ಎದ್ದುಬರುವ ಹೆಸರುಗಳು, ಇವೆಲ್ಲ ಒಂದರ ಮೇಲೊಂದು ಬಿದ್ದಿರುವುದರಿಂದ ಯಾವುದು ಕಾರಣ, ಯಾವುದು ಪರಿಣಾಮ ಎಂದು ಬಿಡಿಸಿ ನೋಡುವುದು ಸಾಮಾನ್ಯ ಓದುಗರಿಗೆ ಕಷ್ಟವಾಗಿದೆ. ಮುಂದಿನ ಕೋಚ್ ಯಾರಾಗಬೇಕು ಎಂದು ಊಹಿಸುವುದು ಈ ಲೇಖನದ ಉದ್ದೇಶವಲ್ಲ. ಆ ಆಯ್ಕೆಯನ್ನು ಯಾರು, ಯಾವ ಆಧಾರದ ಮೇಲೆ ಮಾಡಬೇಕು, ಹಿಂದಿನ ಆಯ್ಕೆಗಳಲ್ಲಿ ಯಾವುದು ಫಲ ಕೊಟ್ಟಿತು, ಯಾವುದು ಕೊಡಲಿಲ್ಲ ಎಂಬುದನ್ನು ಪರಿಶೀಲಿಸುವುದು ಇಲ್ಲಿನ ಪ್ರಯತ್ನ.

ಗೊಂದಲದ ಮೂಲ

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2010ರಲ್ಲಿ ತನ್ನ ವಾಣಿಜ್ಯ ಹಕ್ಕುಗಳನ್ನು 15 ವರ್ಷಗಳ ಒಪ್ಪಂದದ ಮೂಲಕ ಖಾಸಗಿ ಪಾಲುದಾರರಿಗೆ ಕೊಟ್ಟಿತ್ತು. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನಡೆಯುತ್ತಿದ್ದುದೇ ಆ ಒಪ್ಪಂದದ ಆಸರೆಯಲ್ಲಿ. ಅದರ ಅವಧಿ 2025ರ ಡಿಸೆಂಬರ್‌ಗೆ ಮುಗಿಯಬೇಕಿತ್ತು. ನವೀಕರಣ ಆಗದಿದ್ದರೆ ಋತುವಿನ ನಡುವೆಯೇ ಲೀಗ್ ನಡೆಸುವವರು ಇಲ್ಲದಂತಾಗುತ್ತದೆ ಎಂಬ ಕಾರಣಕ್ಕೆ 2025ರ ಜುಲೈನಲ್ಲಿ ಲೀಗನ್ನು ತಡೆಹಿಡಿಯಲಾಯಿತು. ಮುಂದಿನ ತಿಂಗಳ ಆರಂಭದಲ್ಲೇ ಬಿಎಫ್‌ಸಿ ತನ್ನ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಅವಧಿಗೆ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಹೊಸ ವಾಣಿಜ್ಯ ಪಾಲುದಾರರಿಗಾಗಿ ಕರೆದ ಟೆಂಡರ್‌ಗೆ ಬಿಡ್ಡುಗಳೇ ಬರಲಿಲ್ಲ. ಕೊನೆಗೆ ಕೇಂದ್ರ ಕ್ರೀಡಾ ಸಚಿವಾಲಯ ಮಧ್ಯೆ ಬಂದ ಮೇಲೆ, 14 ತಂಡಗಳು ಒಮ್ಮೊಮ್ಮೆ ಮಾತ್ರ ಎದುರಾಗುವ, ಒಟ್ಟು 91 ಪಂದ್ಯಗಳ ಮೊಟಕುಗೊಂಡ ಲೀಗಿಗೆ 2026ರ ಫೆಬ್ರುವರಿಯನ್ನು ಗೊತ್ತುಮಾಡಲಾಯಿತು.

ಈ ಹಿನ್ನೆಲೆ ನಾಯಕತ್ವದ ಪ್ರಶ್ನೆಗೆ ನೇರವಾಗಿ ತಟ್ಟುತ್ತದೆ. ಕೋಚ್ ಒಬ್ಬರನ್ನು ಕರೆತರುವಾಗ ಕ್ಲಬ್ ಮೂರು ಭರವಸೆಗಳನ್ನು ಕೊಡಬೇಕಾಗುತ್ತದೆ: ಎಷ್ಟು ವರ್ಷ, ಎಷ್ಟು ಹಣ, ಎಂಥ ತಂಡ. ಮುಂದಿನ ಋತು ಯಾವಾಗ ಶುರು, ಟಿ.ವಿ. ಪ್ರಸಾರದಿಂದ ಏನು ಬರುತ್ತದೆ ಎಂಬುದೇ ಗೊತ್ತಿಲ್ಲದಿದ್ದರೆ ಈ ಮೂರರಲ್ಲಿ ಒಂದನ್ನೂ ಗಟ್ಟಿಯಾಗಿ ಹೇಳಲಾಗುವುದಿಲ್ಲ. ಹೀಗಾದಾಗ ಒಳ್ಳೆಯ ಅಭ್ಯರ್ಥಿಗಳು ಬೇರೆ ದೇಶಗಳ ಲೀಗ್‌ಗಳತ್ತ ಮುಖಮಾಡುತ್ತಾರೆ. ಕ್ಲಬ್ ಸಿಕ್ಕವರೊಂದಿಗೆ ಅಲ್ಪಾವಧಿಯ ಒಪ್ಪಂದ ಮಾಡಿಕೊಳ್ಳುತ್ತದೆ. ಅಲ್ಪಾವಧಿಗೆ ಬಂದವರು ಹುಡುಗರನ್ನು ಬೆಳೆಸುವ ಗೋಜಿಗೆ ಹೋಗದೆ ಇಂದಿನ ಪಂದ್ಯ ಗೆಲ್ಲಬಲ್ಲ ಅನುಭವಿಗಳನ್ನೇ ಕೇಳುತ್ತಾರೆ. ಆಡಳಿತದಲ್ಲಿ ಹುಟ್ಟಿದ ಅನಿಶ್ಚಿತತೆ ಈ ದಾರಿಯಲ್ಲಿ ಅಂಗಳಕ್ಕೆ ಇಳಿಯುತ್ತದೆ.

ಯಾರ ಕೈಯಲ್ಲಿ ಏನಿದೆ

ನಾಯಕತ್ವ ಎಂದೊಡನೆ ಕೋಚ್ ಹೆಸರು ನೆನಪಾಗುವುದು ಸಹಜ. ಆದರೆ ವೃತ್ತಿಪರ ಕ್ಲಬ್ಬಿನಲ್ಲಿ ಹೊಣೆ ಹಂಚಿಹೋಗಿರುತ್ತದೆ. ಹಣ ಹೂಡುವ ಮಾಲೀಕರು ಒಂದು ಕಡೆ. ಬಿಎಫ್‌ಸಿಯ ಮಟ್ಟಿಗೆ ಅದು ಜೆಎಸ್‌ಡಬ್ಲ್ಯೂ ಸಮೂಹ. ಆಟಗಾರರ ಆಯ್ಕೆ, ಅಕಾಡೆಮಿ, ಕೋಚ್ ನೇಮಕ ಇವುಗಳನ್ನು ಒಟ್ಟಿಗೆ ನೋಡಿಕೊಳ್ಳುವ ಫುಟ್‌ಬಾಲ್ ನಿರ್ದೇಶಕರು ಇನ್ನೊಂದು ಕಡೆ. ತರಬೇತಿ ಮತ್ತು ಪಂದ್ಯ ತಂತ್ರ ಮುಖ್ಯ ಕೋಚ್‌ನದು. ಅಂಗಳದೊಳಗೆ ಮತ್ತು ಡ್ರೆಸಿಂಗ್ ರೂಮಿನಲ್ಲಿ ಮಾತು ನಡೆಯುವುದು ಕ್ಯಾಪ್ಟನ್‌ನದು.

ಇವರಲ್ಲಿ ಕೋಚ್ ಎಲ್ಲರಿಗೂ ಕಾಣುವವರು, ಹಾಗಾಗಿ ಸೋತಾಗ ತಲೆದಂಡವೂ ಅವರದೇ. ಫುಟ್‌ಬಾಲ್ ನಿರ್ದೇಶಕರ ಕೆಲಸ ಹೊರಗೆ ಕಾಣುವುದಿಲ್ಲ. ಆದರೆ ಐದು ವರ್ಷ ಮುಂದಿನದನ್ನು ಯೋಚಿಸಲು ಸಂಬಳ ಪಡೆಯುವ ವ್ಯಕ್ತಿ ಕ್ಲಬ್ಬಿನಲ್ಲಿ ಇದ್ದರೆ ಅದು ಅವರೊಬ್ಬರೇ. ಬಿಎಫ್‌ಸಿಯ ಏಳುಬೀಳುಗಳನ್ನು ಅರಿಯಲು ಈ ವ್ಯತ್ಯಾಸ ಮನಸ್ಸಿನಲ್ಲಿರಬೇಕು.

ಗೆದ್ದ ವರ್ಷಗಳು ಹೇಳುವುದು

2013ರಲ್ಲಿ ಕ್ಲಬ್ ಹುಟ್ಟಿದಾಗ ಮೊದಲ ಕೋಚ್ ಆಗಿ ಬಂದವರು ಇಂಗ್ಲೆಂಡಿನ ಆಶ್ಲೀ ವೆಸ್ಟ್‌ವುಡ್. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಡುತ್ತ, ಮೊದಲ ಋತುವಿನಲ್ಲೇ ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್ ಗೆದ್ದಾಗ ದೇಶದ ಫುಟ್‌ಬಾಲ್ ವಲಯ ಬೆರಗಾಯಿತು. ವೆಸ್ಟ್‌ವುಡ್ ಅವಧಿಯಲ್ಲಿ ಫೆಡರೇಷನ್ ಕಪ್ ಬಂತು, 2015-16ರಲ್ಲಿ ಎರಡನೇ ಐ-ಲೀಗ್ ಬಂತು. ದೈಹಿಕ ಸಾಮರ್ಥ್ಯ, ಆಹಾರ, ವಿಶ್ರಾಂತಿ ಎಲ್ಲಕ್ಕೂ ಲೆಕ್ಕವಿಡುವ ಶಿಸ್ತನ್ನು ಅವರು ತಂದರು ಎಂಬುದನ್ನು ಅವರ ಆಟದ ಶೈಲಿಯನ್ನು ಒಪ್ಪದವರೂ ಒಪ್ಪುತ್ತಾರೆ.

ಅವರ ನಂತರ 2016ರ ಮಧ್ಯದಲ್ಲಿ ಬಂದ ಸ್ಪೇನಿನ ಆಲ್ಬರ್ಟ್ ರೋಕಾ ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಅವರ ಸಹಾಯಕರಾಗಿದ್ದವರು. ಚೆಂಡನ್ನು ನೆಲದ ಮೇಲೆಯೇ ಪಾಸ್ ಮಾಡುತ್ತ, ಗೋಲ್‌ಕೀಪರ್‌ನಿಂದಲೇ ಆಟ ಕಟ್ಟುವ ವಿಧಾನ ಅವರದು. ಬಂದು ಕೆಲವೇ ತಿಂಗಳಲ್ಲಿ, ಅಕ್ಟೋಬರ್‌ನಲ್ಲಿ, ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೇ ಪಂದ್ಯಕ್ಕೆ ಹಿಂದಿನ ವರ್ಷದ ಚಾಂಪಿಯನ್ ಮಲೇಷ್ಯಾದ ಜೊಹೋರ್ ದಾರುಲ್ ತಾಜಿಮ್ ತಂಡ ಕಂಠೀರವಕ್ಕೆ ಬಂತು. ಮೊದಲ ಗೋಲು ಬಿಟ್ಟುಕೊಟ್ಟ ಮೇಲೂ ಬಿಎಫ್‌ಸಿ 3-1ರಿಂದ ಗೆದ್ದು, ಆ ಟೂರ್ನಿಯ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. ದೋಹಾದಲ್ಲಿ ನಡೆದ ಫೈನಲ್‌ನಲ್ಲಿ ಇರಾಕಿನ ಏರ್ ಫೋರ್ಸ್ ಕ್ಲಬ್ಬಿಗೆ ಒಂದು ಗೋಲಿನಿಂದ ಸೋತಿತು.

ರೋಕಾರಿಂದ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರಾತ್ ಅವರಿಗೆ ಹೊಣೆ ದಾಟಿದ ಬಗೆ ಈ ಇಡೀ ಚರ್ಚೆಯ ಕೇಂದ್ರ ಎನ್ನಬಹುದು, ಹಾಗಾಗಿ ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 2017-18ರಲ್ಲಿ ಐಎಸ್‌ಎಲ್‌ಗೆ ಕಾಲಿಟ್ಟ ಬಿಎಫ್‌ಸಿ 18 ಪಂದ್ಯಗಳಲ್ಲಿ 40 ಅಂಕ ಗಳಿಸಿ ಲೀಗ್ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆಯಿತು. 2018ರ ಮಾರ್ಚ್ 17ರಂದು ಕಂಠೀರವದಲ್ಲೇ ಚೆನ್ನೈಯಿನ್ ವಿರುದ್ಧ ಫೈನಲ್. ಛೆಟ್ರಿ ಒಂಬತ್ತನೇ ನಿಮಿಷದಲ್ಲೇ ಗೋಲು ಹೊಡೆದರು. ಆದರೆ ವಿರಾಮಕ್ಕೆ ಮೊದಲು ಎರಡು ಕಾರ್ನರ್‌ಗಳಲ್ಲಿ ಚೆನ್ನೈಯಿನ್‌ನ ಡಿಫೆಂಡರ್ ಮೈಲ್ಸನ್ ಆಲ್ವೆಸ್ ಎತ್ತರಕ್ಕೆ ಹಾರಿ ತಲೆಯಿಂದಲೇ ಎರಡು ಗೋಲು ಹಾಕಿದರು. ಇಡೀ ಋತು ಚೆಂದವಾಗಿ ಆಡಿದ ತಂಡ ಕಾರ್ನರ್‌ಗಳನ್ನು ತಡೆಯಲಾಗದೆ 3-2ರಿಂದ ಸೋತಿತು.

ರೋಕಾ ಹೋದಾಗ ಕ್ಲಬ್ ಹೊರಗಿನ ದೊಡ್ಡ ಹೆಸರಿಗೆ ಕೈಹಾಕದೆ ಕ್ವಾದ್ರಾತ್ ಅವರನ್ನು ಮುಖ್ಯ ಕೋಚ್ ಮಾಡಿತು. ಆ ಸೋಲನ್ನು ಬೆಂಚಿನಲ್ಲಿ ಕುಳಿತು ಕಂಡವರು ಅವರು. ಆಟಗಾರರಿಗೆ ಹೊಸ ಭಾಷೆ ಕಲಿಸಬೇಕಾಗಿರಲಿಲ್ಲ. ಕೊರತೆ ಎಲ್ಲಿದೆ ಎಂದು ಹುಡುಕುವುದರಲ್ಲಿ ಸಮಯ ಹೋಗಲಿಲ್ಲ. ಕಾರ್ನರ್, ಫ್ರೀಕಿಕ್‌ಗಳ ಮೇಲೆ ಒತ್ತು ಕೊಟ್ಟ ಅವರ ತಂಡ 2019ರ ಮಾರ್ಚ್ 17ರಂದು, ಸರಿಯಾಗಿ ಒಂದು ವರ್ಷದ ಬಳಿಕ, ಮುಂಬೈಯಲ್ಲಿ ಎಫ್‌ಸಿ ಗೋವಾವನ್ನು ಎದುರಿಸಿತು. ಹೆಚ್ಚುವರಿ ಸಮಯ ಮುಗಿಯಲು ಕೆಲವೇ ನಿಮಿಷ ಉಳಿದಿದ್ದಾಗ ಡಿಮಾಸ್ ಡೆಲ್ಗಾಡೊ ತೆಗೆದುಕೊಂಡ ಕಾರ್ನರ್‌ಗೆ ರಾಹುಲ್ ಭೇಕೆ ತಲೆ ಕೊಟ್ಟರು. ಆ ಒಂದೇ ಗೋಲಿನಿಂದ ಬಿಎಫ್‌ಸಿ ತನ್ನ ಮೊದಲ ಐಎಸ್‌ಎಲ್ ಟ್ರೋಫಿ ಗೆದ್ದಿತು. ಕಾರ್ನರ್‌ಗಳಲ್ಲಿ ಒಂದು ಫೈನಲ್ ಕಳೆದುಕೊಂಡವರು ಕಾರ್ನರ್‌ನಿಂದಲೇ ಇನ್ನೊಂದನ್ನು ಗೆದ್ದದ್ದು ಅದೃಷ್ಟವೊಂದರಿಂದಲೇ ಆದ ಕೆಲಸವಲ್ಲ. ಅನುಭವ ಕ್ಲಬ್ಬಿನೊಳಗೇ ಉಳಿದು ಮುಂದಿನವರ ಕೈಗೆ ಬಂದದ್ದರ ಫಲ ಅದು.

ಇದಕ್ಕೆ ಎದುರಾಗಿ ಒಂದು ನ್ಯಾಯವಾದ ಆಕ್ಷೇಪವಿದೆ. ವೆಸ್ಟ್‌ವುಡ್ ಮತ್ತು ರೋಕಾ ಅವರ ಶೈಲಿ ಬೇರೆಬೇರೆ. ಆ ಬದಲಾವಣೆಯೂ ಫಲಿಸಿತಲ್ಲ ಎನ್ನುವವರಿದ್ದಾರೆ. ನಿಜ. ಆದರೆ ಆ ಬದಲಾವಣೆ ನಡೆದದ್ದು ಋತುಗಳ ನಡುವಿನ ಬಿಡುವಿನಲ್ಲಿ, ಲೀಗ್ ಗೆದ್ದ ತಂಡದ ಮೇಲೆ, ಆಟದ ದಾರಿ ಯಾವ ಕಡೆಗೆ ಹೊರಳಬೇಕು ಎಂದು ಮೊದಲೇ ನಿರ್ಧರಿಸಿ. ಸೋಲಿನ ಸಿಟ್ಟಿನಲ್ಲಿ ಮಾಡಿದ ನೇಮಕ ಅದಾಗಿರಲಿಲ್ಲ.

ಎಳೆ ಕಡಿದ ವರ್ಷಗಳು

2021ರ ಜನವರಿಯಲ್ಲಿ, ಸತತ ಮೂರು ಸೋಲುಗಳ ಬಳಿಕ, ಕ್ವಾದ್ರಾತ್ ಮತ್ತು ಕ್ಲಬ್ ಬೇರೆಯಾದರು. ಕೋವಿಡ್ ಕಾರಣದಿಂದ ಎಲ್ಲ ಪಂದ್ಯಗಳೂ ಗೋವಾದಲ್ಲಿ ಪ್ರೇಕ್ಷಕರಿಲ್ಲದೆ ನಡೆಯುತ್ತಿದ್ದ ಕಾಲ ಅದು. ನೌಷಾದ್ ಮೂಸಾ ಹಂಗಾಮಿ ಕೋಚ್ ಆದರು. ತಂಡ ಏಳನೇ ಸ್ಥಾನಕ್ಕೆ ಇಳಿಯಿತು. ಆಮೇಲೆ ಜರ್ಮನಿಯ ಮಾರ್ಕೊ ಪೆಜ್ಜಾಯುಯೋಲಿ ಬಂದರು. ಜರ್ಮನಿಯ 17 ವರ್ಷದೊಳಗಿನವರ ತಂಡಕ್ಕೆ ಯುರೋಪಿನ ಪ್ರಶಸ್ತಿ ಗೆದ್ದುಕೊಟ್ಟವರು, ಯುವಕರನ್ನು ಬೆಳೆಸುವಲ್ಲಿ ಹೆಸರಾದವರು. ಯುವ ತಂಡದ ಹುಡುಗರಿಗೆ ಅವಕಾಶವನ್ನೂ ಕೊಟ್ಟರು. ಆದರೆ 2021-22ರಲ್ಲಿ ತಂಡ ಆರನೇ ಸ್ಥಾನದಲ್ಲಿ ನಿಂತಾಗ ಅವರ ಅವಧಿಯೂ ಮುಗಿಯಿತು. 2022ರಲ್ಲಿ ಬಂದ ಸೈಮನ್ ಗ್ರೇಸನ್ ಇಂಗ್ಲೆಂಡಿನ ಕೆಳ ದರ್ಜೆಯ ಲೀಗ್‌ಗಳಿಂದ ತಂಡಗಳನ್ನು ಮೇಲಕ್ಕೇರಿಸಿದ ಅನುಭವಿ. ಅವರ ರೀತಿಯೇ ಬೇರೆ. ಸ್ಪೇನಿನ ಪಾಸಿಂಗ್ ಆಟ, ಜರ್ಮನಿಯ ಯುವ ಅಭಿವೃದ್ಧಿ, ಇಂಗ್ಲೆಂಡಿನ ನೇರ ಆಟ, ಇಷ್ಟೂ ಎರಡು ವರ್ಷಗಳೊಳಗೆ ಒಂದೇ ಡ್ರೆಸಿಂಗ್ ರೂಮನ್ನು ಹಾದುಹೋದವು.

ಗ್ರೇಸನ್ ಅವಧಿಯನ್ನು ವಿಫಲ ಎಂದು ತಳ್ಳಿಹಾಕುವುದು ತಪ್ಪಾಗುತ್ತದೆ. 2022ರ ಡುರಾಂಡ್ ಕಪ್ ಬಂತು. ಐಎಸ್‌ಎಲ್‌ನ ಕೊನೆಯ ಹಂತದಲ್ಲಿ ಸತತ ಎಂಟು ಪಂದ್ಯ ಗೆದ್ದು ಪ್ಲೇ-ಆಫ್ ತಲುಪಿ, 2023ರ ಮಾರ್ಚ್‌ನಲ್ಲಿ ಫೈನಲ್‌ನಲ್ಲಿ ಪೆನಾಲ್ಟಿ ಶೂಟೌಟ್‌ವರೆಗೂ ಹೋರಾಡಿದರು. ಹಾಗಿದ್ದೂ ಮುಂದಿನ ಡಿಸೆಂಬರ್‌ನಲ್ಲಿ ಮುಂಬೈ ಸಿಟಿ ಕಂಠೀರವದಲ್ಲಿ ನಾಲ್ಕು ಗೋಲುಗಳಿಂದ ಸೋಲಿಸಿದ ಬೆನ್ನಲ್ಲೇ ಅವರನ್ನು ಕೈಬಿಡಲಾಯಿತು. ರೆನೆಡಿ ಸಿಂಗ್ ಕೆಲಕಾಲ ಹಂಗಾಮಿಯಾಗಿ ನೋಡಿಕೊಂಡರು, ಅದೇ ತಿಂಗಳಲ್ಲಿ ಜೆರಾರ್ಡ್ ಜಾರಾಗೋಸಾ ಬಂದರು. ಋತು ಮುಗಿದಾಗ ತಂಡ ಹತ್ತನೇ ಸ್ಥಾನದಲ್ಲಿತ್ತು. ಟ್ರೋಫಿ ನೋಡುತ್ತಲೇ ಬೆಳೆದ ಅಭಿಮಾನಿ ಬಳಗಕ್ಕೆ ಅದನ್ನು ಅರಗಿಸಿಕೊಳ್ಳುವುದು ಕಷ್ಟವಾಯಿತು.

ಜಾರಾಗೋಸಾ ಹೊರಗಿನವರಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. 2018-19ರ ಚಾಂಪಿಯನ್ ತಂಡದಲ್ಲಿ ಅವರು ಕ್ವಾದ್ರಾತ್ ಅವರ ಸಹಾಯಕರು. ಋತುವಿನ ನಡುವೆ ಬಂದಾಗ ಅವರಿಂದಲೂ ಏನೂ ಬದಲಾಗಲಿಲ್ಲ, ಏಕೆಂದರೆ ಆಟಗಾರರು ಬೇರೊಬ್ಬರ ಯೋಜನೆಗೆ ಆರಿಸಿದವರು. 2024ರ ಬೇಸಿಗೆಯಲ್ಲಿ ಆಲ್ಬರ್ಟೊ ನೊಗುವೆರಾ, ಜಾರ್ಜ್ ಪೆರೇರಾ ಡಿಯಾಜ್, ಎಡ್ಗರ್ ಮೆಂಡೆಜ್, ಪೆಡ್ರೊ ಕಾಪೊ ಬಂದರು, ರಾಹುಲ್ ಭೇಕೆ ಮರಳಿದರು. ತನಗೆ ಬೇಕಾದ ತಂಡ, ಋತುವಿಗೆ ಮೊದಲಿನ ತಯಾರಿ ಎರಡೂ ಸಿಕ್ಕ ಮೇಲೆ 2024-25ರಲ್ಲಿ ಬಿಎಫ್‌ಸಿ ಮೂರನೇ ಸ್ಥಾನ ಪಡೆದು, ಪ್ಲೇ-ಆಫ್‌ನಲ್ಲಿ ಮುಂಬೈ ಸಿಟಿಯನ್ನು 5-0ರಿಂದ ಮಣಿಸಿ, ಫೈನಲ್‌ನಲ್ಲಿ ಮೋಹನ್ ಬಾಗಾನ್‌ಗೆ ಹೆಚ್ಚುವರಿ ಸಮಯದಲ್ಲಷ್ಟೇ ಸೋತಿತು.

ಕೋಚ್ ತಲೆದಂಡದಿಂದ ಏನು ಸಿಗುತ್ತದೆ

ಸೋತಾಗ ಕೋಚ್ ಬದಲಿಸಬೇಕು ಎನ್ನುವವರ ವಾದಕ್ಕೂ ಬುಡವಿದೆ. ಆಟಗಾರರು ಕೋಚ್ ಮೇಲಿನ ನಂಬಿಕೆ ಕಳೆದುಕೊಂಡಾಗ ತರಬೇತಿ ಕಾಟಾಚಾರಕ್ಕೆ ಇಳಿಯುತ್ತದೆ, ಇಪ್ಪತ್ತೈದು ಆಟಗಾರರನ್ನು ಬದಲಿಸುವುದಕ್ಕಿಂತ ಒಬ್ಬರನ್ನು ಬದಲಿಸುವುದು ಸುಲಭ, ಹೊಸಬರ ಮುಂದೆ ಪ್ರತಿಯೊಬ್ಬನೂ ತನ್ನ ಸ್ಥಾನಕ್ಕೆ ಮತ್ತೆ ಹೋರಾಡಬೇಕಾಗುತ್ತದೆ. ಮಾಲೀಕರಿಗೆ ಇನ್ನೊಂದು ಲಾಭವೂ ಇದೆ: ಏನೋ ಕ್ರಮ ಕೈಗೊಂಡಿದ್ದೇವೆ ಎಂದು ಅಭಿಮಾನಿಗಳಿಗೆ ತೋರಿಸಬಹುದು.

ಆದರೆ ಯುರೋಪಿನ ಲೀಗ್‌ಗಳ ದಾಖಲೆಗಳನ್ನು ಪರಿಶೀಲಿಸಿದ ಸಂಶೋಧಕರು ಗಮನಿಸಿರುವ ಸಂಗತಿ ಈ ವಾದವನ್ನು ಸಡಿಲಗೊಳಿಸುತ್ತದೆ. ಕೋಚ್ ಹೋಗುವುದು ತಂಡ ತೀರಾ ಕೆಳಗಿಳಿದ ಗಳಿಗೆಯಲ್ಲಿ. ಆ ಕುಸಿತದಲ್ಲಿ ಗಾಯ, ದುರದೃಷ್ಟ, ಕಠಿಣ ಎದುರಾಳಿಗಳ ಸರಣಿ ಇವೆಲ್ಲ ಸೇರಿರುತ್ತವೆ. ಅವು ಕಾಲಕ್ರಮದಲ್ಲಿ ಸರಿಹೋಗುವುದರಿಂದ ಫಲಿತಾಂಶಗಳು ತಂಡದ ನಿಜವಾದ ಮಟ್ಟಕ್ಕೆ ತಾವಾಗಿಯೇ ಮರಳುತ್ತವೆ, ಹೆಸರು ಮಾತ್ರ ಹೊಸ ಕೋಚ್‌ಗೆ ಬರುತ್ತದೆ. ಅದೇ ಬಗೆಯ ಕುಸಿತ ಕಂಡೂ ಕೋಚ್‌ನನ್ನು ಉಳಿಸಿಕೊಂಡ ತಂಡಗಳು ಹೆಚ್ಚುಕಡಿಮೆ ಅಷ್ಟೇ ಚೇತರಿಸಿಕೊಂಡಿರುವುದನ್ನು ನೆದರ್‌ಲೆಂಡ್ಸ್ ಲೀಗ್ ಕುರಿತ ಅಧ್ಯಯನ ತೋರಿಸಿದೆ. ಬಿಎಫ್‌ಸಿಯಲ್ಲಂತೂ ಋತುವಿನ ನಡುವಿನ ಆ ಎರಡು ಬದಲಾವಣೆಗಳ ಕೊನೆಯಲ್ಲಿ ಸಿಕ್ಕಿದ್ದು ಏಳನೇ ಮತ್ತು ಹತ್ತನೇ ಸ್ಥಾನ.

ಭಾರತದ ಲೀಗಿನಲ್ಲಿ ಇದಕ್ಕೆ ಸ್ಥಳೀಯ ಕಾರಣವೂ ಇದೆ. ವಿದೇಶಿ ಆಟಗಾರರ ಸಂಖ್ಯೆಗೆ ಮಿತಿಯಿದ್ದು, ಅಂಗಳದಲ್ಲಿ ಒಮ್ಮೆಗೆ ನಾಲ್ವರಿಗೆ ಮಾತ್ರ ಅವಕಾಶ. ತಂಡದ ಬೆನ್ನೆಲುಬಾದ ಆ ಜಾಗಗಳನ್ನು ಹಿಂದಿನ ಕೋಚ್ ತುಂಬಿಸಿಹೋಗಿರುತ್ತಾರೆ. ಹೊಸಬರು ಬಂದರೂ ಕೈಯಲ್ಲಿರುವ ಸಾಮಗ್ರಿ ಹಳೆಯದೇ. ಒಂದು ತಂಡಕ್ಕೆ 13 ಪಂದ್ಯಗಳಷ್ಟೇ ಇರುವ ಮೊಟಕು ಲೀಗಿನಲ್ಲಿ ಅಪಾಯ ಇನ್ನೂ ಹೆಚ್ಚು. ಮೂರು ಸೋಲು ಎಂದರೆ ಋತುವಿನ ಕಾಲು ಭಾಗ ಹೋದಂತೆ. ಗಾಬರಿಯ ತೀರ್ಮಾನಕ್ಕೆ ಅಷ್ಟು ಸಾಕು. ಆದರೆ ಮೂರು ಪಂದ್ಯಗಳಿಂದ ಒಬ್ಬ ಕೋಚ್‌ನ ಯೋಗ್ಯತೆ ತಿಳಿಯುವುದಿಲ್ಲ.

ವಿದೇಶಿಯೋ, ಭಾರತೀಯರೋ

ಚರ್ಚೆಯ ಇನ್ನೊಂದು ಕವಲು ಇದು. 2025ರ ಆಗಸ್ಟ್‌ನಲ್ಲಿ ಖಾಲಿದ್ ಜಮೀಲ್ ರಾಷ್ಟ್ರೀಯ ತಂಡದ ಮುಖ್ಯ ಕೋಚ್ ಆದ ಮೇಲೆ ಇದಕ್ಕೆ ಬಲ ಬಂದಿದೆ. ಹದಿಮೂರು ವರ್ಷಗಳ ನಂತರ ಆ ಹುದ್ದೆಗೆ ಬಂದ ಭಾರತೀಯ ಅವರು. 2016-17ರಲ್ಲಿ ಪುಟ್ಟ ಮಿಜೋರಾಂ ಕ್ಲಬ್ ಐಜೋಲ್‌ಗೆ ಐ-ಲೀಗ್ ಗೆದ್ದುಕೊಟ್ಟ ಮೇಲೂ ಐಎಸ್‌ಎಲ್ ಕ್ಲಬ್ಬೊಂದರ ಪೂರ್ಣಾವಧಿ ಕೋಚ್ ಹುದ್ದೆಗಾಗಿ ಅವರು ನಾಲ್ಕು ವರ್ಷ ಕಾಯಬೇಕಾಯಿತು, ಅದೂ ಮೊದಲು ಹಂಗಾಮಿಯಾಗಿ ನಾರ್ತ್‌ಈಸ್ಟ್ ಯುನೈಟೆಡ್ ತಂಡವನ್ನು ಪ್ಲೇ-ಆಫ್‌ಗೆ ಒಯ್ದು ತೋರಿಸಿದ ಬಳಿಕ.

ವಿದೇಶಿ ಕೋಚ್ ಪರ ಇರುವವರು ಬಿಎಫ್‌ಸಿಯ ಲೀಗ್ ಪ್ರಶಸ್ತಿಗಳೆಲ್ಲ ವಿದೇಶಿ ಕೋಚ್‌ಗಳ ಕೈಯಲ್ಲೇ ಬಂದವು ಎನ್ನುತ್ತಾರೆ. ಆದರೆ ಭಾರತೀಯರಿಗೆ ಇಲ್ಲಿ ಸಿಕ್ಕ ಅವಕಾಶ ಯಾವ ತೆರನದು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕಾಗುತ್ತದೆ. 2021ರಲ್ಲಿ ಮೂಸಾ, 2023ರಲ್ಲಿ ರೆನೆಡಿ, ಇಬ್ಬರಿಗೂ ತಂಡ ಸಿಕ್ಕಿದ್ದು ಮುಳುಗುವ ಹೊತ್ತಿನಲ್ಲಿ, ತಮ್ಮದಲ್ಲದ ಆಟಗಾರರೊಂದಿಗೆ. ಆ ಅವಧಿಗಳ ಫಲಿತಾಂಶ ಹಿಡಿದು ಭಾರತೀಯ ಕೋಚ್‌ಗಳನ್ನು ಅಳೆಯುವುದು ಸರಿಯಲ್ಲ. ಮೂಸಾ ಬಿಎಫ್‌ಸಿಯ ಯುವ ತಂಡವನ್ನು ಗೆಲುವಿನ ಹಾದಿಯಲ್ಲಿ ನಡೆಸಿದವರು. ಮುಂದೆ ದೇಶದ 23 ವರ್ಷದೊಳಗಿನವರ ತಂಡದ ಹೊಣೆಯೂ ಅವರಿಗೆ ಬಂತು.

ಹಣದ ಬಿಕ್ಕಟ್ಟು ಕೂಡ ಕ್ಲಬ್‌ಗಳನ್ನು ಭಾರತೀಯ ಕೋಚ್‌ಗಳ ಕಡೆಗೆ ನೂಕಬಹುದು. ಕಡಿಮೆ ಖರ್ಚು ಎಂಬ ಒಂದೇ ಕಾರಣಕ್ಕೆ ಅವರನ್ನು ನೇಮಿಸಿ, ಲೀಗ್ ಸುಧಾರಿಸಿದ ಕೂಡಲೇ ಬದಲಿಸಿದರೆ ಹಂಗಾಮಿ ಎಂಬ ಹಣೆಪಟ್ಟಿ ಬೇರೆ ರೂಪದಲ್ಲಿ ಮುಂದುವರಿದಂತೆ. ನೇಮಕವಾದವರು ಯಾವ ದೇಶದವರೇ ಆಗಲಿ, ಅವರಿಗೆ ಒಂದು ಪೂರ್ಣ ತಯಾರಿ ಅವಧಿ ಮತ್ತು ಆಟಗಾರರ ಆಯ್ಕೆಯಲ್ಲಿ ಮಾತು ಸಿಗುತ್ತದೆಯೇ ಎಂಬುದೇ ಇಲ್ಲಿ ನಿರ್ಣಾಯಕ.

ಛೆಟ್ರಿ ನಂತರದ ಪ್ರಶ್ನೆ

ಕೋಚ್‌ಗಳು ಬಂದರು, ಹೋದರು. 2013ರಿಂದ ಉಳಿದವರು ಛೆಟ್ರಿ. 1984ರ ಆಗಸ್ಟ್‌ನಲ್ಲಿ ಹುಟ್ಟಿದ ಅವರು 2024ರ ಡಿಸೆಂಬರ್‌ನಲ್ಲಿ, 40 ದಾಟಿದ ವಯಸ್ಸಿನಲ್ಲಿ, ಕೇರಳ ಬ್ಲಾಸ್ಟರ್ಸ್ ವಿರುದ್ಧ ಹ್ಯಾಟ್ರಿಕ್ ಹೊಡೆದರು. 2024-25ರಲ್ಲಿ 14 ಗೋಲು ಗಳಿಸಿ ಲೀಗಿನ ಭಾರತೀಯ ಆಟಗಾರರಲ್ಲಿ ಮೊದಲಿಗರಾದರು. ಅದೇ ಋತುವಿನ ಸೆಮಿಫೈನಲ್‌ನ ಎರಡನೇ ಪಂದ್ಯದಲ್ಲಿ ಗೋವಾ ಎರಡು ಗೋಲು ಹಾಕಿ ಒಟ್ಟು ಲೆಕ್ಕವನ್ನು ಸಮ ಮಾಡಿದ್ದಾಗ, ನಿಗದಿತ ಸಮಯ ಮುಗಿದ ಮೇಲೆ ನಾಮ್‌ಗ್ಯಾಲ್ ಭುಟಿಯಾ ಹಾಕಿಕೊಟ್ಟ ಕ್ರಾಸ್‌ಗೆ ತಲೆಯೊಡ್ಡಿ ತಂಡವನ್ನು ಫೈನಲ್‌ಗೆ ದಾಟಿಸಿದವರೂ ಅವರೇ.

ಇದು ಹೆಮ್ಮೆಯ ಸಂಗತಿ, ಆತಂಕದ ಸಂಗತಿಯೂ ಹೌದು. ನಿರ್ಣಾಯಕ ಗೋಲಿಗೆ ಇಂದಿಗೂ ನಲವತ್ತು ದಾಟಿದ ಆಟಗಾರನನ್ನೇ ನೆಚ್ಚಬೇಕಾಗಿದ್ದರೆ ಆ ಜಾಗಕ್ಕೆ ಇನ್ನೊಬ್ಬರನ್ನು ತಯಾರು ಮಾಡುವ ಕೆಲಸ ಹಿಂದೆ ಬಿದ್ದಿದೆ ಎಂದೇ ಅರ್ಥ. ದೇಶದ ತಂಡ ಇದರ ಬಿಸಿಯನ್ನು ಆಗಲೇ ಉಂಡಿದೆ: 2024ರ ಜೂನ್‌ನಲ್ಲಿ ಕುವೈತ್ ವಿರುದ್ಧ ಆಡಿ ನಿವೃತ್ತರಾದ ಛೆಟ್ರಿಯವರನ್ನು ಒಂದು ವರ್ಷವೂ ತುಂಬುವ ಮೊದಲೇ, 2025ರ ಮಾರ್ಚ್‌ನಲ್ಲಿ, ಮರಳಿ ಕರೆಯಬೇಕಾಯಿತು.

ಕ್ಯಾಪ್ಟನ್‌ನ ತೋಳುಪಟ್ಟಿ ಯಾರಿಗೆ ಎಂಬುದಕ್ಕೆ ಅನುಭವದ ಲೆಕ್ಕದಲ್ಲಿ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು, ಭೇಕೆ ಹೆಸರುಗಳು ಬರುತ್ತವೆ. ಮುಂದಿನ ಹತ್ತು ವರ್ಷದ ಲೆಕ್ಕದಲ್ಲಿ ಸುರೇಶ್ ಸಿಂಗ್ ವಾಂಗ್ಜಮ್, ರೋಷನ್ ಸಿಂಗ್ ಅವರಂಥವರು. ಛೆಟ್ರಿ ಇನ್ನೂ ತಂಡದಲ್ಲಿರುವಾಗಲೇ ಕಿರಿಯರೊಬ್ಬರಿಗೆ ಪಟ್ಟಿ ಕೊಟ್ಟು, ಅವರು ಪಕ್ಕದಲ್ಲಿ ನಿಂತು ತಿದ್ದುವಂತಾದರೆ ಹೊಣೆ ಹಗುರವಾಗಿ ಕೈ ಬದಲಿಸುತ್ತದೆ ಎಂಬುದು ಈ ಲೇಖಕರ ಅಭಿಪ್ರಾಯ. ಅವರು ಹೋದ ಮೇಲೆ ಕೊಟ್ಟರೆ, ಪಟ್ಟಿ ಕಟ್ಟಿಕೊಂಡವರ ಪ್ರತಿ ಪಂದ್ಯವನ್ನೂ ಛೆಟ್ರಿಯ ನೆನಪಿನ ಪಕ್ಕದಲ್ಲಿಟ್ಟು ತೂಗಲಾಗುತ್ತದೆ, ಅದು ಯಾರಿಗೂ ಹೊರಲಾಗದ ಭಾರ.

ಹುಡುಗರು ಇಲ್ಲದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಗೆಲುವಿನ ಗೋಲು ಹೊಡೆದದ್ದು ಕ್ಲಬ್ಬಿನ ಯುವ ತಂಡದಿಂದ ಬಂದ ವಿನಿತ್ ವೆಂಕಟೇಶ್. ವೇತನ ತಡೆಹಿಡಿದ ದಿನ ಕೂಡ ಅಕಾಡೆಮಿಗೆ ತೊಂದರೆಯಾಗದು ಎಂದು ಕ್ಲಬ್ ಹೇಳಿತ್ತು. ಆ ಮಾತು ಉಳಿದರೆ, ಮೊದಲ ತಂಡ ಮತ್ತು ಅಕಾಡೆಮಿಗಳ ನಡುವಿನ ದಾರಿಯನ್ನು ಕಾಯುವ ಹೊಣೆ ಯಾವ ಕೋಚ್‌ನದೂ ಆಗುವುದಿಲ್ಲ, ಫುಟ್‌ಬಾಲ್ ನಿರ್ದೇಶಕರದಾಗುತ್ತದೆ.

ಅಭಿಮಾನಿಗಳ ಮಾತಿಗೆ ಎಷ್ಟು ತೂಕ

ಬಾರ್ಸಿಲೋನಾದಲ್ಲಿ ಸದಸ್ಯರೇ ಮತ ಹಾಕಿ ಅಧ್ಯಕ್ಷರನ್ನು ಆರಿಸುತ್ತಾರೆ. ಜರ್ಮನಿಯ ಹೆಚ್ಚಿನ ಕ್ಲಬ್‌ಗಳಲ್ಲಿ ಮತದ ಬಹುಪಾಲು ಸದಸ್ಯರ ಕೈಯಲ್ಲಿರಬೇಕೆಂಬ ನಿಯಮವಿದೆ. ಬಿಎಫ್‌ಸಿಯಲ್ಲಿ ಅಂಥ ವ್ಯವಸ್ಥೆಯಿಲ್ಲ, ಸದ್ಯಕ್ಕೆ ಬರುವ ಸೂಚನೆಯೂ ಇಲ್ಲ. ಆದರೆ ಮತವಿಲ್ಲದೆಯೂ ಅಭಿಮಾನಿಗಳ ದನಿ ಫಲಿಸಬಲ್ಲದು. ಕೋಲ್ಕತ್ತಾದ ಮೋಹನ್ ಬಾಗಾನ್ ಹೆಸರಿನ ಮೊದಲಿಗೆ, ಜೊತೆಗೂಡಿದ ಇನ್ನೊಂದು ಕ್ಲಬ್ಬಿನ ಹೆಸರಾದ ಎಟಿಕೆ ಎಂದು ಸೇರಿಸಿದ್ದನ್ನು ಅಲ್ಲಿನ ಬೆಂಬಲಿಗರು ವರ್ಷಗಟ್ಟಲೆ ವಿರೋಧಿಸಿದ ಪರಿಣಾಮ, 2023ರಲ್ಲಿ ಮಾಲೀಕರು ಅದನ್ನು ಕೈಬಿಟ್ಟರು.

ಬೆಂಗಳೂರಿಗೆ ಫುಟ್‌ಬಾಲ್ ಪ್ರೀತಿ ಬಿಎಫ್‌ಸಿಯಿಂದ ಬಂದದ್ದಲ್ಲ. 1937 ಮತ್ತು 1938ರಲ್ಲಿ ರೋವರ್ಸ್ ಕಪ್ ಗೆದ್ದ ಬ್ಯಾಂಗಲೋರ್ ಮುಸ್ಲಿಮ್ಸ್, 1948ರ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್, ಆಟಗಾರರ ಕಣಜವೆನಿಸಿದ ಹಲಸೂರು ಬಳಿಯ ಗೌತಮಪುರ ಮತ್ತು ಆಸ್ಟಿನ್ ಟೌನ್, 54 ವರ್ಷಗಳ ಬಳಿಕ 2023ರಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಗೆದ್ದ ಸಂತೋಷ್ ಟ್ರೋಫಿ, ಇವೆಲ್ಲ ಆ ಪರಂಪರೆಯ ಭಾಗ. ಕಂಠೀರವದ ಪಶ್ಚಿಮ ಗ್ಯಾಲರಿಯಲ್ಲಿ ತೊಂಬತ್ತು ನಿಮಿಷ ನಿಂತೇ ಹಾಡುವ ವೆಸ್ಟ್ ಬ್ಲಾಕ್ ಬ್ಲೂಸ್ ಬಳಗ ಅದರ ಈಚಿನ ಕೊಂಡಿ. ಇಂಥವರಿಗೆ ಕೋಚ್ ಆಯ್ಕೆಯಲ್ಲಿ ಮತ ಬೇಡ. ಆಯ್ಕೆಯ ಹಿಂದಿನ ಕಾರಣ ತಿಳಿಯಬೇಕು ಎಂಬ ಬೇಡಿಕೆ ಅತಿಯಾದದ್ದಲ್ಲ. ಕಾರಣ ತಿಳಿದಿದ್ದರೆ ಮೂರು ಸೋಲಿಗೆ ಗ್ಯಾಲರಿ ತಾಳ್ಮೆ ಕಳೆದುಕೊಳ್ಳುವುದಿಲ್ಲ. ಗ್ಯಾಲರಿಯ ತಾಳ್ಮೆ ಮಾಲೀಕರ ಮೇಲಿನ ಒತ್ತಡವನ್ನೂ ತಗ್ಗಿಸುತ್ತದೆ.

ಮುಂದೆ ಗಮನಿಸಬೇಕಾದ್ದು

ಲೀಗಿನ ವಾಣಿಜ್ಯ ಹಕ್ಕುಗಳಿಗೆ ದೀರ್ಘಾವಧಿಯ ಪಾಲುದಾರರು ಸಿಗುವವರೆಗೆ ಎಲ್ಲ ಕ್ಲಬ್‌ಗಳೂ ಒಂದು ವರ್ಷದ ಆಚೆ ಯೋಚಿಸಲು ಹಿಂಜರಿಯುತ್ತವೆ. ಆ ಅವಧಿಯಲ್ಲಿ ದುಬಾರಿ ವಿದೇಶಿ ಒಪ್ಪಂದಗಳು ಕಡಿಮೆಯಾಗಿ, ಭಾರತೀಯ ಕೋಚ್‌ಗಳಿಗೂ ಅಕಾಡೆಮಿ ಹುಡುಗರಿಗೂ ಹೆಚ್ಚು ಅವಕಾಶ ಸಿಗುವ ಸಾಧ್ಯತೆಯಿದೆ. ಬಿಎಫ್‌ಸಿಗೆ ಇದು ನಷ್ಟವೇ ಆಗಬೇಕಿಲ್ಲ. ಸ್ವಂತ ಅಕಾಡೆಮಿ, ಕ್ಲಬ್ಬನ್ನು ಒಳಗಿನಿಂದ ಬಲ್ಲ ಸಹಾಯಕ ಕೋಚ್‌ಗಳು, ಇನ್ನೂ ಅಂಗಳದಲ್ಲಿರುವ ಛೆಟ್ರಿ, ಈ ಮೂರೂ ಒಟ್ಟಿಗೆ ಇರುವ ಕಾಲ ಮತ್ತೆ ಬರುವುದಿಲ್ಲ.

ಹೊಸ ನೇಮಕದ ಪ್ರಕಟಣೆ ಹೊರಬಿದ್ದ ದಿನ ಓದುಗರು ಹೆಸರಿನ ಆಚೆಗೂ ನೋಡಬೇಕು. ಒಪ್ಪಂದ ಎಷ್ಟು ಋತುಗಳದ್ದು, ಹಿಂದಿನ ಸಹಾಯಕ ಕೋಚ್‌ಗಳಲ್ಲಿ ಯಾರನ್ನಾದರೂ ಉಳಿಸಿಕೊಂಡಿದ್ದಾರೆಯೇ, ಆಟಗಾರರ ಆಯ್ಕೆಯಲ್ಲಿ ಕೊನೆಯ ಮಾತು ಯಾರದು, ಯುವ ತಂಡದ ಕೋಚ್‌ಗೂ ಮುಖ್ಯ ಕೋಚ್‌ಗೂ ನಡುವೆ ನಿಂತು ಮಾತಾಡುವ ಫುಟ್‌ಬಾಲ್ ನಿರ್ದೇಶಕರಿಗೆ ನೇಮಿಸುವ, ತೆಗೆಯುವ ಅಧಿಕಾರ ನಿಜವಾಗಿ ಇದೆಯೇ ಎಂಬ ವಿವರಗಳು ಅಲ್ಲೇ ಸಿಗುತ್ತವೆ. ಇವುಗಳಿಗೆ ಉತ್ತರವಿರುವ ನೇಮಕವಾದರೆ, ಬಂದವರು ಮೊದಲ ಐದು ಪಂದ್ಯ ಸೋತರೂ ಅವರನ್ನು ಋತು ಮುಗಿಯುವವರೆಗೆ ಉಳಿಸಿಕೊಳ್ಳಲು ಕ್ಲಬ್ಬಿಗೆ ಕಾರಣವಿರುತ್ತದೆ.